ಪಕ್ಷಿಧಾಮದೊಳಗೇ ಬಾತುಕೋಳಿ ಬೇಟೆ, ಅದೂ ಸರ್ಕಾರವೇ ಲೈಸೆನ್ಸ್ ಕೊಟ್ಟು. ಇದು ಸಂರಕ್ಷಣೆ ಹೇಗಾಗುತ್ತದೆ?

ಕೆರೆಕೋಡಿ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನಾನು ನಂಜನಗೂಡಿನ ಕಡೆಯವನು. ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊ ಹತ್ತಿರ ಬಂದು ನೆಲೆಸಿ ಎರಡು ವರ್ಷ ಆಯಿತು. ಚಿಕ್ಕಂದಿನಲ್ಲಿ ಚಳಿಗಾಲ ಬಂತೆಂದರೆ ಹದಿನಾರು ಅನ್ನುವ ಊರಿನ ಕೆರೆಗೆ ಸೈಕಲ್ ತುಳಿದುಕೊಂಡು ಹೋಗಿ ಪಟ್ಟೆತಲೆ ಹೆಬ್ಬಾತು ನೋಡುತ್ತಿದ್ದೆ. ಹಿಮಾಲಯ ದಾಟಿ ಬಂದ ಹಕ್ಕಿ ಅಂತ ಮೇಷ್ಟ್ರು ಹೇಳಿದ ದಿನದಿಂದ ಅವುಗಳ ಮೇಲೆ ಒಂದು ಥರ ಭಕ್ತಿ.

ಹೋದ ಶನಿವಾರ ಮಗಳನ್ನು ಕರೆದುಕೊಂಡು ಇಲ್ಲಿನ ಒಂದು ಪಕ್ಷಿಧಾಮಕ್ಕೆ ಹೋಗಿದ್ದೆ. ಬೆಳಗ್ಗೆ ಏಳು ಗಂಟೆ ಇರಬೇಕು, ಮುಂದಿನ ಕಾರು ಕಾಣದಷ್ಟು ಮಂಜು. ಕಿಟಕಿ ಇಳಿಸಿದರೆ ಸಂತೆಯ ಸದ್ದು. ಮಂಜು ಸ್ವಲ್ಪ ತೆಳುವಾದಾಗ ನೋಡಿದರೆ ನೀರಿನ ತುಂಬ ಬಿಳಿ ಹೆಬ್ಬಾತು, ಸಾವಿರಗಟ್ಟಲೆ. ಅಷ್ಟರಲ್ಲಿ ಢಂ ಢಂ ಅಂತ ದೂರದಲ್ಲಿ ಶಬ್ದ. "ಅಪ್ಪಾ, ಪಟಾಕಿನಾ?" ಅಂತ ಮಗಳು ಕೇಳಿದಳು. ಪಟಾಕಿ ಅಲ್ಲ, ಕೋವಿ. ವಾಪಸ್ ಬರುವಾಗ ಪಾರ್ಕಿಂಗ್ ಜಾಗದಲ್ಲಿ ಹುಲ್ಲಿನ ಬಣ್ಣದ ಬಟ್ಟೆ ಹಾಕಿದ ಒಬ್ಬರು ನಾಯಿಯ ಮೈ ಒರೆಸುತ್ತಾ ನಿಂತಿದ್ದರು. ಅವರ ಸೊಂಟದ ದಾರಕ್ಕೆ ಐದು ಬಾತು ಕತ್ತು ಸಿಕ್ಕಿಸಿ ನೇತಾಡುತ್ತಿದ್ದವು. ಅದರಲ್ಲಿ ಒಂದು ಸೂಜಿಬಾಲದ ಬಾತು. ಅದೇ ಜಾತಿ, ನಮ್ಮೂರ ಕೆರೆಗೂ ಬರುತ್ತದಲ್ಲ, ಅದೇ. ನನಗೆ ಮಾತೇ ಹೊರಡಲಿಲ್ಲ.

ಆ ಮನುಷ್ಯ ಒರಟನೇನಲ್ಲ. ಮಗಳ ಹತ್ತಿರ ನಗುತ್ತಾ ಮಾತಾಡಿ, ಈ ಜಾಗವನ್ನು ಉಳಿಸಿರುವುದೇ ನಮ್ಮಂಥವರ ದುಡ್ಡು ಅಂದರು. ಮನೆಗೆ ಬಂದ ಮೇಲೂ ಅದೇ ಮಾತು ತಲೆಯಲ್ಲಿ ಸುತ್ತುತ್ತಿದೆ. ಪಕ್ಷಿಧಾಮ ಅಂತ ಬೋರ್ಡ್ ಹಾಕಿ ಒಳಗೆ ಬೇಟೆಗೆ ಬಿಡುವುದು ಯಾವ ನ್ಯಾಯ? ವಲಸೆ ಹಕ್ಕಿ ಒಂದೇ ದೇಶದ್ದೂ ಅಲ್ಲ. ಇಲ್ಲಿ ಹೊಡೆದರೆ ಅಲ್ಲಿ ಕಡಿಮೆಯಾಗುತ್ತದೆ. ಎಷ್ಟು ಹೊಡೆಯಬಹುದು ಅಂತ ಯಾರು, ಯಾವ ಲೆಕ್ಕದ ಮೇಲೆ ತೀರ್ಮಾನ ಮಾಡುತ್ತಾರೆ? ಗೊತ್ತಿರುವವರು ದಯವಿಟ್ಟು ಬಿಡಿಸಿ ಹೇಳಿ. ಮಗಳಿಗೂ ಹೇಳಬೇಕು.

ಉಂಗುರದವ:

ನಾನು ನಾರ್ತ್ ಡಕೋಟಾದಲ್ಲಿದ್ದೇನೆ. ಬೇಟೆ ಆಡುವುದಿಲ್ಲ. ಆದರೆ ಆರೇಳು ವರ್ಷದಿಂದ ಆಗಸ್ಟ್ ತಿಂಗಳಲ್ಲಿ ಬಾತುಗಳ ಕಾಲಿಗೆ ಉಂಗುರ ಹಾಕುವ ತಂಡದ ಜೊತೆ ಸ್ವಯಂಸೇವಕನಾಗಿ ಹೋಗುತ್ತೇನೆ. ಹಾಗಾಗಿ ಲೆಕ್ಕದ ಭಾಗ ನಾನು ಹೇಳುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ಮೊದಲು ಹಳೆಯ ಕಥೆ. 19ನೇ ಶತಮಾನದ ಕೊನೆಗೆ ಇಲ್ಲಿ ಬಾತುಗಳನ್ನು ಮಾರ್ಕೆಟ್‌ಗೆ ಹೊಡೆಯುತ್ತಿದ್ದರು. ಪೀಪಾಯಿ ತುಂಬಿ ರೈಲಿನಲ್ಲಿ ಊರೂರಿಗೆ ಕಳಿಸುತ್ತಿದ್ದರು. ಆಕಾಶ ಮುಚ್ಚುವಷ್ಟಿದ್ದ ಪ್ಯಾಸೆಂಜರ್ ಪಾರಿವಾಳದ ಕೊನೆಯ ಹಕ್ಕಿ 1914ರ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಇದಾದ ಎರಡೇ ವರ್ಷಕ್ಕೆ, 1916ರಲ್ಲಿ, ಅಮೆರಿಕವೂ ಕೆನಡಾ ಪರವಾಗಿ ಬ್ರಿಟನ್ನೂ ವಲಸೆ ಹಕ್ಕಿಗಳನ್ನು ಕಾಪಾಡುವ ಒಂದು ಒಪ್ಪಂದಕ್ಕೆ ಸಹಿ ಹಾಕಿದವು. 1918ರಲ್ಲಿ ಅದಕ್ಕೆ ಅಮೆರಿಕದಲ್ಲಿ ಕಾನೂನು ಬಂತು. ಮಿಸ್ಸೂರಿ ರಾಜ್ಯ "ನಮ್ಮ ನೆಲದ ಹಕ್ಕಿ ನಮ್ಮದು, ನೀವ್ಯಾರು ಕೇಳೋಕೆ" ಅಂತ ಕೋರ್ಟಿಗೆ ಹೋಯಿತು. 1920ರಲ್ಲಿ ಸುಪ್ರೀಂ ಕೋರ್ಟ್ ಆ ವಾದ ತಳ್ಳಿಹಾಕಿತು. ಇವತ್ತು ಇಲ್ಲಿದ್ದು ನಾಳೆ ಇನ್ನೆಲ್ಲೋ ಇರುವ ಹಕ್ಕಿಯನ್ನು ಒಂದು ರಾಜ್ಯ ತನ್ನದೆನ್ನಲು ಬರುವುದಿಲ್ಲ ಅನ್ನುವುದು ಅದರ ತಿರುಳು. 1936ರಲ್ಲಿ ಮೆಕ್ಸಿಕೊ ಜೊತೆಗೂ ಒಪ್ಪಂದ ಆಯಿತು.

ಈಗ ಲೆಕ್ಕ. ಪ್ರತಿ ವರ್ಷ ಮೇ ತಿಂಗಳಲ್ಲಿ ಅಮೆರಿಕ ಮತ್ತು ಕೆನಡಾದ ಜೀವಶಾಸ್ತ್ರಜ್ಞರು ಸಣ್ಣ ವಿಮಾನಗಳಲ್ಲಿ ನೆಲಕ್ಕೆ ತುಂಬ ಹತ್ತಿರ, ತೆಂಗಿನ ಮರಕ್ಕಿಂತ ಸ್ವಲ್ಪ ಮೇಲೆ ಅನ್ನುವಷ್ಟು ಎತ್ತರದಲ್ಲಿ, ನೇರ ಗೆರೆ ಹಿಡಿದು ಹಾರುತ್ತಾ ಬಾತು ಎಣಿಸುತ್ತಾರೆ. ಕೆಳಗೆ ಎಷ್ಟು ಹೊಂಡದಲ್ಲಿ ನೀರಿದೆ ಅಂತಲೂ ಎಣಿಸುತ್ತಾರೆ. 1955ರಿಂದ ನಡೆದುಕೊಂಡು ಬಂದಿದೆ, ಕೋವಿಡ್ ಬಂದ 2020 ಮತ್ತು 2021 ಬಿಟ್ಟು. 2024ರ ಅಂದಾಜು ಸುಮಾರು 3.4 ಕೋಟಿ ಬಾತು.

ಇನ್ನು ಉಂಗುರ. ಬೆಳಗಿನ ಜಾವ ಬಲೆಯ ಗೂಡಿನೊಳಗೆ ಕಾಳಿನ ಆಸೆಗೆ ಬಂದ ಬಾತುಗಳನ್ನು ಒಂದೊಂದಾಗಿ ಹೊರಗೆ ತೆಗೆಯುತ್ತೇವೆ. ಎಡಗೈಯಲ್ಲಿ ಎದೆಗೆ ಒತ್ತಿ ಹಿಡಿದರೆ ಅದರ ಗುಂಡಿಗೆ ಬಡಿತ ನಮ್ಮ ಅಂಗೈಗೆ ತಾಗುತ್ತದೆ. ರೆಕ್ಕೆ ಬಿಡಿಸಿ ಈ ವರ್ಷದ ಮರಿಯೋ ದೊಡ್ಡದೋ, ಗಂಡೋ ಹೆಣ್ಣೋ ನೋಡಿ, ನಂಬರ್ ಇರುವ ಅಲ್ಯೂಮಿನಿಯಂ ಉಂಗುರವನ್ನು ಇಕ್ಕಳದಿಂದ ಕಾಲಿಗೆ ಮುಚ್ಚಿ ಬಿಟ್ಟುಬಿಡುತ್ತೇವೆ. ಮುಂದೆ ಯಾರಾದರೂ ಆ ಹಕ್ಕಿ ಹೊಡೆದರೆ ನಂಬರ್ ತಿಳಿಸುತ್ತಾರೆ. ನೂರಕ್ಕೆ ಎಷ್ಟು ಹಕ್ಕಿ ಬೇಟೆಗೆ ಹೋಗುತ್ತಿದೆ ಅನ್ನುವುದು ಇದರಿಂದ ಗೊತ್ತಾಗುತ್ತದೆ. ಇಂಥ ಉಂಗುರಗಳ ಲೆಕ್ಕ ಹಿಡಿದೇ 1930ರ ದಶಕದಲ್ಲಿ ನಾಲ್ಕು ವಲಸೆ ಹಾದಿಗಳನ್ನು ಗುರುತಿಸಿದ್ದು: ಅಟ್ಲಾಂಟಿಕ್, ಮಿಸಿಸಿಪ್ಪಿ, ಸೆಂಟ್ರಲ್, ಪೆಸಿಫಿಕ್. ಒಂದೊಂದು ಹಾದಿಗೂ ಒಂದೊಂದು ಕೌನ್ಸಿಲ್ ಇದೆ. ಆ ಹಾದಿಯ ರಾಜ್ಯಗಳೆಲ್ಲ ಅದರಲ್ಲಿ ಕೂತು ಮಾತಾಡುತ್ತವೆ. ಎಷ್ಟು ದಿನ, ದಿನಕ್ಕೆ ಎಷ್ಟು ಅನ್ನುವ ಗರಿಷ್ಠ ಮಿತಿಯನ್ನು ಕೇಂದ್ರ ಸರ್ಕಾರ ಹಾಕುತ್ತದೆ. ರಾಜ್ಯಗಳು ಅದಕ್ಕಿಂತ ಬಿಗಿ ಮಾಡಬಹುದು, ಸಡಿಲ ಮಾಡುವಂತಿಲ್ಲ. ನೀವು ಕಂಡ ಮನುಷ್ಯನ ದಾರದಲ್ಲಿ ಒಂದೇ ಸೂಜಿಬಾಲ ಇದ್ದದ್ದು ಸುಮ್ನೆ ಅಲ್ಲ. ಎಲ್ಲ ಬಾತು ಸೇರಿ ದಿನಕ್ಕೆ ಏಳು ಅಂತಿದ್ದರೂ ಈ ಜಾತಿಗೆ ಬಹಳ ವರ್ಷ ದಿನಕ್ಕೆ ಒಂದು ಅಥವಾ ಎರಡು ಅಂತಲೇ ಮಿತಿ ಇತ್ತು, ಸಂಖ್ಯೆ ಇಳಿದಿದೆ ಅಂತ.

ದುಡ್ಡಿನ ವಿಷಯ: 16 ದಾಟಿದ ಪ್ರತಿ ಬಾತು ಬೇಟೆಗಾರ ವರ್ಷಕ್ಕೊಂದು ಡಕ್ ಸ್ಟಾಂಪ್ ಅನ್ನುವ ಕೇಂದ್ರ ಸರ್ಕಾರದ ಚೀಟಿ ಕೊಳ್ಳಲೇಬೇಕು. 1934ರಲ್ಲಿ ಶುರುವಾದಾಗ 1 ಡಾಲರ್, ಈಗ 25. ಡಾಲರಿಗೆ 98 ಸೆಂಟ್ ಜೌಗು ಭೂಮಿ ಕೊಳ್ಳಲು, ಗುತ್ತಿಗೆ ಹಿಡಿಯಲು ಹೋಗುತ್ತದೆ. ಈವರೆಗೆ 60 ಲಕ್ಷ ಎಕರೆಗೂ ಜಾಸ್ತಿ ಉಳಿದಿದೆ. ಹೀಗೆ ಕೊಂಡ ಪಕ್ಷಿಧಾಮದಲ್ಲೂ ಸಾಮಾನ್ಯವಾಗಿ 40%ಗಿಂತ ಹೆಚ್ಚು ಜಾಗದಲ್ಲಿ ವಲಸೆ ಹಕ್ಕಿ ಬೇಟೆಗೆ ಬಿಡುವಂತಿಲ್ಲ. ಉಳಿದದ್ದು ಹಕ್ಕಿಗೆ. ಅದಕ್ಕೇ ನಿಮ್ಮ ಮುಂದೆ ಸಾವಿರಾರು ಕೂತಿದ್ದವು, ಶಬ್ದ ದೂರದಿಂದ ಬಂತು.

ಬೆತೆಲ್ ನರ್ಸಕ್ಕ:

ಮೇಲಿನವರು ಹೇಳಿದ್ದೆಲ್ಲ ಸರಿ. ಆದರೆ 1916ರ ಒಪ್ಪಂದವನ್ನು ಕೇಳಲು ಎಷ್ಟು ಚೆನ್ನಾಗಿದೆ ಅಂದುಕೊಳ್ಳುವ ಮೊದಲು ಅದರಲ್ಲಿ ಆದ ಅನ್ಯಾಯವನ್ನೂ ಕೇಳಿ. ನಾನು ಅಲಾಸ್ಕಾದ ಬೆತೆಲ್ ಅನ್ನುವ ಊರಿನಲ್ಲಿ ಮೂರು ವರ್ಷ ನರ್ಸ್ ಆಗಿದ್ದೆ. ರಸ್ತೆಯಿಂದ ಹೋಗಲಾಗದ ಊರು, ವಿಮಾನವೇ ಗತಿ. ಯೂಕಾನ್ ಮತ್ತು ಕುಸ್ಕೊಕ್ವಿಮ್ ಹೊಳೆಗಳ ನಡುವಿನ ಜೌಗು ನೆಲ, ಯುಪಿಕ್ ಜನರ ಸೀಮೆ. ಕೆರೆಕೋಡಿಯವರೇ, ನಿಮ್ಮ ಸ್ಯಾಕ್ರಮೆಂಟೊ ಕಣಿವೆಯಲ್ಲಿ ಎದೆ ಮೇಲೆ ಕಪ್ಪು ಪಟ್ಟೆ ಇರುವ ಕಂದು ಹೆಬ್ಬಾತು ನೋಡಿರಬೇಕು, ಕೊಕ್ಕಿನ ಬುಡಕ್ಕೆ ಬಿಳಿ, ಅದೇ ಬಿಳಿಹಣೆಯ ಹೆಬ್ಬಾತು. ಅವು ಮೊಟ್ಟೆ ಇಡುವುದು ಇಲ್ಲಿ.

ಒಪ್ಪಂದದ ಪ್ರಕಾರ ಮಾರ್ಚ್ 10ರಿಂದ ಸೆಪ್ಟೆಂಬರ್ 1ರವರೆಗೆ ಬೇಟೆ ಬಂದ್. ದಕ್ಷಿಣದವರಿಗೆ ಇದರಿಂದ ಏನೂ ತೊಂದರೆ ಇಲ್ಲ. ಆದರೆ ಉತ್ತರದಲ್ಲಿ ಹಕ್ಕಿ ಇರುವುದೇ ಆ ತಿಂಗಳುಗಳಲ್ಲಿ! ಚಳಿಗಾಲದ ಒಣಮೀನು ಮುಗಿಯುತ್ತಾ ಬಂದಾಗ ಮೊದಲು ಸಿಗುವ ಹಸಿ ಮಾಂಸ ಅದು. ವಸಂತದಲ್ಲಿ ಮೊದಲ ಹೆಬ್ಬಾತು ಮನೆಗೆ ಬಂದ ದಿನ ನಾನೂ ಅಡುಗೆಮನೆ ನೆಲದ ಮೇಲೆ ರಟ್ಟು ಹಾಸಿಕೊಂಡು ಪುಕ್ಕ ಕಿತ್ತಿದ್ದೇನೆ, ಅಕ್ಕಿ ಹಾಕಿ ಮಾಡಿದ ಅದರ ಸಾರು ಮೊದಲು ಮನೆಯ ಹಿರಿಯರಿಗೆ. ಸಾವಿರಾರು ವರ್ಷದಿಂದ ಹೀಗೇ ಬದುಕಿದ ಜನ, ಯಾರೋ ಸಹಿ ಹಾಕಿದ ಕಾಗದದಿಂದ ಒಂದೇ ದಿನಕ್ಕೆ ಕಳ್ಳಬೇಟೆಯವರಾದರು. ಅವರನ್ನು ಯಾರೂ ಕೇಳಿರಲಿಲ್ಲ.

1980ರ ದಶಕದ ಶುರುವಿಗೆ ಪರಿಸ್ಥಿತಿ ಕೆಟ್ಟಿತು. ಕ್ಯಾಕ್ಲಿಂಗ್ ಗೂಸ್ ಅನ್ನುವ ಪುಟ್ಟ ಹೆಬ್ಬಾತು ಲಕ್ಷಗಟ್ಟಲೆ ಇದ್ದದ್ದು 30 ಸಾವಿರಕ್ಕಿಂತ ಕೆಳಗೆ ಬಂತು. ಬಿಳಿಹಣೆಯದ್ದು ಒಂದು ಲಕ್ಷಕ್ಕಿಂತ ಕಡಿಮೆ ಆಯಿತು. ಕ್ಯಾಲಿಫೋರ್ನಿಯಾದವರು "ಅಲ್ಲಿ ಮೊಟ್ಟೆ ಎತ್ತುತ್ತಾರೆ" ಅಂದರು. ಇಲ್ಲಿಯವರು "ಅಲ್ಲಿ ಮೋಜಿಗೆ ಹೊಡೆಯುತ್ತಾರೆ" ಅಂದರು. ಕೊನೆಗೆ 1984ರಲ್ಲಿ ಹೂಪರ್ ಬೇ ಅನ್ನುವ ಹಳ್ಳಿಯ ಹೆಸರಿನ ಒಂದು ಒಪ್ಪಂದ ಆಯಿತು. ಹಳ್ಳಿಯ ಹಿರಿಯರು, ಕೇಂದ್ರದ ವನ್ಯಜೀವಿ ಇಲಾಖೆ, ಅಲಾಸ್ಕಾ ಮತ್ತು ಕ್ಯಾಲಿಫೋರ್ನಿಯಾದ ಇಲಾಖೆಗಳು ಒಂದೇ ಕಡೆ ಕೂತರು. ಇಲ್ಲಿ ಕ್ಯಾಕ್ಲಿಂಗ್ ಹೊಡೆಯುವುದು, ಅದರ ಮೊಟ್ಟೆ ಎತ್ತುವುದು ನಿಲ್ಲಿಸಬೇಕು. ಬೇರೆ ಹೆಬ್ಬಾತುಗಳನ್ನು ಗೂಡು ಕಟ್ಟುವ ಹೊತ್ತಲ್ಲಿ ಮುಟ್ಟಬಾರದು. ಅಲ್ಲಿ ದಕ್ಷಿಣದಲ್ಲಿ ಕ್ಯಾಕ್ಲಿಂಗ್ ಬೇಟೆ ಬಂದ್. ಮುಂದಿನ ವರ್ಷ ಇದನ್ನು ನಾಲ್ಕು ಜಾತಿಯ ಹೆಬ್ಬಾತುಗಳ ಯೋಜನೆಯಾಗಿ ಬೆಳೆಸಿದರು.

ಇದರಲ್ಲಿ ನನ್ನ ಮನಸ್ಸಿಗೆ ನಾಟಿದ್ದು ಒಂದೇ. ಕಾನೂನಿನ ಲೆಕ್ಕದಲ್ಲಿ ಹಳ್ಳಿಯವರಿಗೆ ವಸಂತದಲ್ಲಿ ಬೇಟೆಯಾಡುವ ಹಕ್ಕೇ ಇರಲಿಲ್ಲ. ಇಲ್ಲದ ಹಕ್ಕನ್ನು ಬಿಟ್ಟುಕೊಡಿ ಅಂತ ಯಾರನ್ನೂ ಕೇಳಲು ಬರುವುದಿಲ್ಲ ಅಲ್ವಾ? ಹಾಗಾಗಿ ಮೊದಲು ಅವರ ಊಟವನ್ನು ಊಟ ಅಂತ ಒಪ್ಪಿ, ಆಮೇಲೆ ಕಡಿಮೆ ಮಾಡಿ ಅಂತ ಕೇಳಬೇಕಾಯಿತು. ಕೇಳಿದ್ದಕ್ಕೆ ಅವರು ಒಪ್ಪಿದರು. ಎರಡೂ ಹೆಬ್ಬಾತು ಮತ್ತೆ ಲಕ್ಷ ದಾಟಿ ಬೆಳೆದವು. ಒಪ್ಪಂದಕ್ಕೇ ತಿದ್ದುಪಡಿ 1995ರಲ್ಲಿ ಸಹಿಯಾಗಿ 1999ರಲ್ಲಿ ಜಾರಿಗೆ ಬಂತು. ಈಗ ಉತ್ತರದವರ ವಸಂತದ ಬೇಟೆಗೆ ಕಾನೂನಿನ ಜಾಗ ಇದೆ. 80 ವರ್ಷ ಹಿಡಿಯಿತು.

ಗದ್ದೆಬದು:

ನಾನು ಕ್ಯಾಲಿಫೋರ್ನಿಯಾದ ಯೂಬಾ ಸಿಟಿಯಲ್ಲಿ ಇದ್ದೇನೆ, ಸುತ್ತ ಭತ್ತದ ಗದ್ದೆ, ಕೆಲಸವೂ ಅದೇ. ಇಷ್ಟೊತ್ತು ಯಾರೂ ಭತ್ತದ ಮಾತೇ ಎತ್ತಲಿಲ್ಲವಲ್ಲ! ಕೆರೆಕೋಡಿ ಸರ್, ನೀವು ಕಂಡ ಹಕ್ಕಿಗಳಿಗೆ ಹೊಟ್ಟೆ ತುಂಬಿಸುವುದು ಮುಖ್ಯವಾಗಿ ಪಕ್ಷಿಧಾಮದ ಹೊರಗಿನ ಗದ್ದೆಗಳು. ಇಲ್ಲಿನ ನಡುಕಣಿವೆಯ ಹಳೆಯ ಜೌಗು ನೆಲದಲ್ಲಿ 90%ಕ್ಕೂ ಜಾಸ್ತಿ ಹೋಗಿಬಿಟ್ಟಿದೆ.

ಮೊದಲು ಇಲ್ಲೂ ಕುಯ್ಲು ಆದ ಮೇಲೆ ಹುಲ್ಲಿಗೆ ಬೆಂಕಿ ಹಾಕುತ್ತಿದ್ದರು, ಊರೆಲ್ಲ ಹೊಗೆ. 1991ರಲ್ಲಿ ಅದನ್ನು ಹಂತಹಂತವಾಗಿ ಕಡಿಮೆ ಮಾಡಿಸುವ ಕಾನೂನು ಬಂತು. ಹುಲ್ಲು ಕೊಳೆಯಬೇಕಲ್ಲ, ರೈತರು ಚಳಿಗಾಲದಲ್ಲಿ ಗದ್ದೆಗೆ ನಾಲ್ಕಾರು ಇಂಚು ನೀರು ಕಟ್ಟಲು ಶುರು ಮಾಡಿದರು. ಬಾತುಗಳು ಬಂದವು. ಉದುರಿದ ಭತ್ತ ತಿನ್ನುತ್ತವೆ, ಕೂಳೆ ತುಳಿಯುತ್ತವೆ, ಹಿಕ್ಕೆ ಹಾಕುತ್ತವೆ, ಹುಲ್ಲು ಬೇಗ ಕೊಳೆಯುತ್ತದೆ. ಜನವರಿಯಲ್ಲಿ ಬದುವಿನ ಮೇಲೆ ನಿಂತರೆ ನೀರಿನ ಮೇಲೆ ಬರೀ ಪುಕ್ಕ, ಬೂಟಿಗೆ ಮೆತ್ತಿದ ಕೆಸರಲ್ಲೂ ಪುಕ್ಕ. 2014ರಿಂದ ಒಂದು ಸಂರಕ್ಷಣಾ ಸಂಸ್ಥೆ ಇಂತಿಷ್ಟು ವಾರ ಜಾಸ್ತಿ ನೀರು ನಿಲ್ಲಿಸಿ ಅಂತ ರೈತರಿಗೆ ದುಡ್ಡು ಕೊಡುತ್ತಿದೆ, ಮುಖ್ಯವಾಗಿ ಸಣ್ಣ ನೀರುಗೊರವಗಳಿಗೋಸ್ಕರ. 2022ರ ಬರದಲ್ಲಿ ಹೆಚ್ಚುಕಡಿಮೆ ಅರ್ಧ ಭತ್ತ ನಾಟಲೇ ಇಲ್ಲ. ಗದ್ದೆ ಒಣಗಿದಾಗ ಹಕ್ಕಿಗಳು ಉಳಿದ ಸ್ವಲ್ಪ ನೀರಿಗೇ ಮುಗಿಬಿದ್ದು ರೋಗ ಹರಡುವ ಭಯ. ಕೋವಿಗಿಂತ ನನಗೆ ನೀರಿನ ಚಿಂತೆ ದೊಡ್ಡದು.

ಹಸಿರುಗಣ್ಣು:

ಎಲ್ಲ ಓದಿದೆ. ನನಗೆ ಇನ್ನೂ ಒಪ್ಪಿಗೆ ಇಲ್ಲ, ಕ್ಷಮಿಸಿ. ದುಡ್ಡು ಬರುತ್ತದೆ ಅನ್ನುವುದಕ್ಕೆ ಕೊಲ್ಲುವುದು ಸರಿಯಾಗುತ್ತದೆಯೇ? ಸ್ಟಾಂಪ್ ದುಡ್ಡನ್ನು ಹಕ್ಕಿ ನೋಡಲು ಬರುವವರಿಂದಲೂ ತಗೊಳ್ಳಬಹುದಲ್ಲ. ಇನ್ನೊಂದು, ಬೇಟೆಗೆ ಬೇಕಾದ ಹಕ್ಕಿಗೆ ಮಾತ್ರ ಇಷ್ಟೆಲ್ಲ ಎಣಿಕೆ, ವಿಮಾನ, ಕೌನ್ಸಿಲ್. ಯಾರೂ ಹೊಡೆಯದ ಹುಲ್ಲುಗಾವಲಿನ ಗುಬ್ಬಿ ಜಾತಿಗಳಿಗೆ ಯಾರಿದ್ದಾರೆ? ಜೊತೆಗೆ ಸೂಜಿಬಾಲದ ಬಾತನ್ನೇ ನೋಡಿ. 1950ರ ದಶಕದಲ್ಲಿ ಒಮ್ಮೆ ಕೋಟಿ ಮುಟ್ಟಿತ್ತು, ಈಗ 20 ಲಕ್ಷದ ಆಸುಪಾಸು. ಇಷ್ಟು ಲೆಕ್ಕ ಇಟ್ಟೂ ಇಳಿದಿದೆಯಲ್ಲ?

ಉಂಗುರದವ:

ಹಸಿರುಗಣ್ಣು ಅವರೇ, ನಿಮ್ಮ ಎರಡನೇ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ, ಅದು ನಿಜ. 2019ರಲ್ಲಿ ಬಂದ ದೊಡ್ಡ ಅಧ್ಯಯನದ ಪ್ರಕಾರ ಉತ್ತರ ಅಮೆರಿಕ 1970ರಿಂದ ಈಚೆಗೆ ಸುಮಾರು 290 ಕೋಟಿ ಹಕ್ಕಿ ಕಳೆದುಕೊಂಡಿದೆ. ಹುಲ್ಲುಗಾವಲಿನ ಹಕ್ಕಿಗೆ ಅತಿ ದೊಡ್ಡ ಪೆಟ್ಟು. ಅದೇ ಅವಧಿಯಲ್ಲಿ ಬಾತು, ಹೆಬ್ಬಾತುಗಳು ಒಟ್ಟಾರೆ ಅರ್ಧಕ್ಕಿಂತ ಜಾಸ್ತಿ ಏರಿವೆ. ಕೇಳುವವರು ಇದ್ದ ಹಕ್ಕಿ ಉಳಿಯಿತು. ಉಳಿದವಕ್ಕೂ ಇದೇ ಥರ ಸ್ಟಾಂಪ್, ಎಣಿಕೆ ಬೇಕು ಅಂತ ನಾನೂ ಹೇಳುತ್ತೇನೆ.

ಸೂಜಿಬಾಲ ಇಳಿದದ್ದಕ್ಕೆ ಕೋವಿ ಮುಖ್ಯ ಕಾರಣ ಅಲ್ಲ. ಅದು ವಸಂತದ ಶುರುವಿಗೇ ಕೂಳೆ ಹೊಲದಲ್ಲಿ, ನೀರಿಂದ ದೂರ, ನೆಲದ ಮೇಲೆ ಗೂಡು ಮಾಡುತ್ತದೆ. ಹುಲ್ಲುಗಾವಲಿನ ಸೀಮೆಯೆಲ್ಲ ಉಳುಮೆ ನೆಲ ಆಯಿತು. ಮೊಟ್ಟೆ ಇಟ್ಟ ಮೇಲೆ ಟ್ರ್ಯಾಕ್ಟರ್ ಬರುತ್ತದೆ. ಗೂಡು ಚೂರಾದ ಹೊಲವನ್ನು ನಾನೇ ನೋಡಿದ್ದೇನೆ, ಏಳು ಮೊಟ್ಟೆಯಲ್ಲಿ ಒಂದು ಮಾತ್ರ ಮಣ್ಣಿನ ಹೆಂಟೆ ಪಕ್ಕ ಹಾಗೇ ಇತ್ತು, ಮುಟ್ಟಿದರೆ ತಣ್ಣಗಿತ್ತು. ಇದಕ್ಕೆ ಬೇಟೆಯ ಮಿತಿಯಿಂದ ಪರಿಹಾರ ಇಲ್ಲ. ರೈತರು ಚಳಿಗಾಲದ ಮುಂಚೆ ಬಿತ್ತುವ ಗೋಧಿಗೆ ತಿರುಗಿದರೆ ವಸಂತದಲ್ಲಿ ಉಳುವ ಹಾಗಿಲ್ಲ, ಗೂಡು ಉಳಿಯುತ್ತದೆ. ಆ ಕೆಲಸ ಅಲ್ಲಲ್ಲಿ ನಡೆದಿದೆ. 1986ರಲ್ಲಿ ಅಮೆರಿಕ ಮತ್ತು ಕೆನಡಾ ಸೇರಿ ಬಾತುಗಳ ನೆಲೆಗೇ ಒತ್ತು ಕೊಟ್ಟು ಮಾಡಿದ ದೊಡ್ಡ ಯೋಜನೆಯ ಹಿಂದಿನ ವಿಚಾರವೂ ಇದೇ. ಮೆಕ್ಸಿಕೊ 1994ರಲ್ಲಿ ಸೇರಿತು.

ಮಾಗಡಿ ಕೆರೆ ದಂಡಿ:

ನಮಸ್ಕಾರ ರೀ ಎಲ್ಲರಿಗೂ. ನಮ್ಮೂರು ಗದಗ ಜಿಲ್ಲೆ ಶಿರಹಟ್ಟಿ ತಾಲ್ಲೂಕು. ಮಾಗಡಿ ಕೆರೆ ಕೇಳಿರುತ್ತೀರಿ, 2024ರಲ್ಲಿ ಮಹತ್ವದ ಜೌಗು ನೆಲೆಗಳ ಅಂತರರಾಷ್ಟ್ರೀಯ ರಾಮ್ಸರ್ ಪಟ್ಟಿಗೆ ಸೇರಿತು, ಅಂಕಸಮುದ್ರ ಮತ್ತು ಅಘನಾಶಿನಿ ಜೊತೆಗೆ. ಕೆರೆಕೋಡಿಯವರ ಪಟ್ಟೆತಲೆ ಹೆಬ್ಬಾತೇ ನಮ್ಮಲ್ಲೂ ಬರುವುದು. ಹಗಲೆಲ್ಲ ನೀರಲ್ಲಿ ಕೂತಿರುತ್ತವೆ. ಹೊತ್ತು ಮುಳುಗಿದ ಮೇಲೆ ಸಾಲುಸಾಲಾಗಿ ಹೊಲಕ್ಕೆ ಏಳುತ್ತವೆ, ಶೇಂಗಾ, ಕಡಲೆ ಮೇಯಲು.

ನಮ್ಮ ದೇಶದಲ್ಲಿ ಹಕ್ಕಿ ಬೇಟೆಗೆ ಕಾನೂನಿನಲ್ಲಿ ಅವಕಾಶವೇ ಇಲ್ಲ, ಅದು ನನಗೆ ಸಮಾಧಾನ. ರಾಜಸ್ಥಾನದ ಭರತಪುರದಲ್ಲಿ 1938ರ ನವೆಂಬರ್ 12ರಂದು ವೈಸರಾಯ್ ಲಿನ್‌ಲಿತ್‌ಗೋ ಬಂದಾಗ ಒಂದೇ ದಿನಕ್ಕೆ 4,273 ಹಕ್ಕಿ ಹೊಡೆದರು, ಕಲ್ಲಿನಲ್ಲಿ ಕೆತ್ತಿಟ್ಟಿದ್ದಾರೆ. ಅಂಥದ್ದು ಮತ್ತೆ ಬೇಡ. ಆದರೆ ನರ್ಸಕ್ಕ ಬರೆದದ್ದು ಓದಿ ನನಗೆ ನಮ್ಮ ಹೊಲ ನೆನಪಾಯಿತು. ನಮ್ಮಪ್ಪ ಕಡಲೆ ಮೊಳಕೆ ಕಿತ್ತುಹೋದ ಸಾಲು ತೋರಿಸಿ "ದೂರದಿಂದ ಬಂದಾವು, ತಿನ್ನಲಿ ಬಿಡು" ಅಂದಿದ್ದರು. ಒಳ್ಳೆ ಮಾತು. ಆದರೆ ಎರಡು ಎಕರೆಯವನು ಎಷ್ಟು ವರ್ಷ ಹಾಗೆ ಅನ್ನಬೇಕು? ಅಲ್ಲಿ ಭತ್ತದ ರೈತನಿಗೆ ನೀರು ನಿಲ್ಲಿಸಲು ದುಡ್ಡು ಸಿಗುತ್ತದೆ. ಇಲ್ಲಿ ಹಕ್ಕಿ ಮೇಯಿಸಿದ ರೈತನನ್ನು ಕರೆದು ಕೂರಿಸಿ ಕೇಳಿದ್ದು ನಾನಂತೂ ಕಂಡಿಲ್ಲ.

ನಮ್ಮ ಹಕ್ಕಿಗಳದ್ದು ಮಧ್ಯ ಏಷ್ಯಾದ ವಲಸೆ ಹಾದಿ, 30 ದೇಶ ಹಾಯುತ್ತದೆ. ಮಂಗೋಲಿಯಾದಲ್ಲಿ ಕೊರಳಿಗೆ ಪಟ್ಟಿ ಹಾಕಿದ ಹೆಬ್ಬಾತುಗಳು ಮೈಸೂರು ಕಡೆ ಕೆರೆಗಳಲ್ಲಿ ಕಂಡಿವೆ. 2020ರಲ್ಲಿ ಗಾಂಧಿನಗರದಲ್ಲಿ ವಲಸೆ ಪ್ರಾಣಿಗಳ ಬಗ್ಗೆ ಹಲವು ದೇಶಗಳ ಸಮ್ಮೇಳನ ಆದಾಗ ಈ ಹಾದಿಯ ಮಾತೂ ಬಂದಿತ್ತು. ಕಾಗದದಲ್ಲಿ ಇದೆ. ಆದರೆ ಮೇ ತಿಂಗಳ ಎಣಿಕೆ ಮುಗಿಸಿ, ಎಲ್ಲರೂ ಒಂದು ಕೋಣೆಯಲ್ಲಿ ಕೂತು, ಈ ವರ್ಷ ಹೀಗೆ ಅಂತ ತೀರ್ಮಾನ ಮಾಡುವ ಪದ್ಧತಿ ನಮಗೂ ಬೇಕು. ಬೇಟೆ ಇಲ್ಲದೆಯೂ ಅದನ್ನು ಮಾಡಬಹುದಲ್ಲ?

ಬೆತೆಲ್ ನರ್ಸಕ್ಕ:

ದಂಡಿಯವರೇ, ನಿಮ್ಮ ಅಪ್ಪನ ಮಾತು ಓದಿ ಕಣ್ಣು ತುಂಬಿತು. ಒಂದು ವಿಷಯ ಸೇರಿಸುತ್ತೇನೆ. ಆ ಕ್ಯಾಕ್ಲಿಂಗ್ ಹೆಬ್ಬಾತು ಚೇತರಿಸಿಕೊಂಡ ಮೇಲೆ ಈಗ ಚಳಿಗಾಲಕ್ಕೆ ಹೆಚ್ಚಾಗಿ ಆರೆಗನ್‌ನ ಹುಲ್ಲುಬೀಜದ ಹೊಲಗಳಿಗೆ ಇಳಿಯುತ್ತದೆ. ಅಲ್ಲಿನ ರೈತರ ದೂರೂ ನಿಮ್ಮದೇ. ಎಷ್ಟು ಹೆಬ್ಬಾತು ಇರಬೇಕು ಅನ್ನುವ ಸಂಖ್ಯೆಯ ಮೇಲೆ ಈಗ ಅಲಾಸ್ಕಾದ ಹಳ್ಳಿಯವರು ಮತ್ತು ಆರೆಗನ್ ರೈತರ ನಡುವೆ ಮಾತು ನಡೆಯುತ್ತಲೇ ಇದೆ.

ಕೆರೆಕೋಡಿ:

ಎಲ್ಲರಿಗೂ ಧನ್ಯವಾದ. ನರ್ಸಕ್ಕನ ಉತ್ತರವನ್ನು ಮಗಳಿಗೆ ಎರಡು ಸಲ ಓದಿ ಹೇಳಿದೆ. ಬೇಟೆ ನನ್ನ ಮನಸ್ಸಿಗೆ ಈಗಲೂ ಒಗ್ಗುವುದಿಲ್ಲ, ಹಸಿರುಗಣ್ಣು ಹೇಳಿದ್ದರಲ್ಲಿ ಅರ್ಧ ನನ್ನದೂ ಹೌದು. ಆದರೆ ಆ ದಾರದಲ್ಲಿದ್ದ ಒಂದೇ ಸೂಜಿಬಾಲವನ್ನು ಈಗ ಬೇರೆ ಥರ ನೆನೆಯುತ್ತೇನೆ.

ಇಲ್ಲಿ ಬೇಟೆ ಇರುವುದು ಶನಿವಾರ, ಭಾನುವಾರ, ಬುಧವಾರ ಅಂತ ಗೊತ್ತಾಯಿತು. ರಜೆ ಹಾಕಿ ಗುರುವಾರ ಹೋಗಿ ಬಂದೆವು. ದಾರಿಯಲ್ಲಿ ಅಂಚೆ ಕಚೇರಿಯಲ್ಲಿ 25 ಡಾಲರ್ ಕೊಟ್ಟು ಸ್ಟಾಂಪ್ ತಗೊಂಡೆ. ಬೇಟೆಗಾರನೇ ಆಗಬೇಕಿಲ್ಲ, ಯಾರು ಬೇಕಾದರೂ ಕೊಳ್ಳಬಹುದಂತೆ, ಪಕ್ಷಿಧಾಮಕ್ಕೆ ಪ್ರವೇಶವೂ ಅದರಲ್ಲೇ ಆಯಿತು. ಮಗಳು ಬಿಳಿಹಣೆಯ ಹೆಬ್ಬಾತು ಹುಡುಕಿ ಹಿಡಿದಳು, ಎದೆಯ ಕಪ್ಪು ಪಟ್ಟೆ ಎಣಿಸಲು ಹೋಗಿ ಅದು ಹಾರಿಬಿಟ್ಟಿತು.

ದಂಡಿಯವರೇ, ಡಿಸೆಂಬರ್‌ಗೆ ಊರಿಗೆ ಬರುತ್ತಿದ್ದೇವೆ. ಮಾಗಡಿ ಕೆರೆಗೆ ಯಾವ ಹೊತ್ತಿಗೆ ಬಂದರೆ ಅವು ಹೊಲಕ್ಕೆ ಏಳುವುದು ಕಾಣುತ್ತದೆ, ತಿಳಿಸಿ. ನಿಮ್ಮ ಕಡಲೆ ಹೊಲವನ್ನೂ ನೋಡಬೇಕು.